ಅಪರಾಧದಿಂದ ನೊಂದ ಮಕ್ಕಳ ಜೊತೆ ಪುನಃಸ್ಥಾಪನಾ ನ್ಯಾಯದ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಪುನಃಸ್ಥಾಪನಾ ನ್ಯಾಯ ಎಂದರೆ ನೊಂದವರನ್ನೂ ನೋಯಿಸಿದವರನ್ನೂ ತಯಾರಿ ಮಾಡಿಸಿ, ಒಪ್ಪಿದರೆ ಎದುರುಬದುರು ಕೂರಿಸಿ, ಆದ ಹಾನಿಯನ್ನು ಸರಿಪಡಿಸುವ ಕೆಲಸ. ಹೀಗೆ ಕೂರಿಸುವುದನ್ನೇ ಮುಂದೆ ‘ಭೇಟಿ’, ‘ಸಭೆ’ ಎನ್ನುತ್ತೇವೆ. ಮಕ್ಕಳ ಮೇಲಿನ ಆರೋಪಗಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿಯ (ಮುಂದೆ ‘ಮಂಡಳಿ’) ಸದಸ್ಯರು, ಪ್ರೊಬೇಷನ್ ಅಧಿಕಾರಿಗಳು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ, ಶಾಲೆಯ ಆಪ್ತಸಮಾಲೋಚಕರು, ಸಂಸ್ಥೆಗಳಲ್ಲಿ ದುಡಿಯುವ ಕಾರ್ಯಕರ್ತರು ಕೇಳುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ‘ನೊಂದ ಮಗು’ ಎಂದರೆ ಅಪರಾಧಕ್ಕೆ ಗುರಿಯಾದ ಅಥವಾ ಅದನ್ನು ಕಣ್ಣಾರೆ ಕಂಡ ಮಗು. ‘ನೋಯಿಸಿದ ಮಗು’ ಎಂದರೆ ಕಾನೂನಿನ ಭಾಷೆಯಲ್ಲಿ ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ, 18 ವರ್ಷ ತುಂಬದ ಮಗು. ಎಷ್ಟೋ ಸಲ ಒಂದೇ ಮಗು ಎರಡೂ ಆಗಿರುತ್ತದೆ.

ಇದು ಊರಿನ ರಾಜಿ ಪಂಚಾಯ್ತಿಯೇ ಅಲ್ಲವೇ?

ಅಲ್ಲ. ರಾಜಿಯಲ್ಲಿ ಮೊದಲು ಬರುವ ಮಾತು ‘ಆದದ್ದು ಆಯ್ತು, ಬಿಟ್ಟುಬಿಡಿ’. ಅಲ್ಲಿ ಮಾತಾಡುವವರು ಹಿರಿಯರು, ಮಕ್ಕಳು ಬಾಗಿಲ ಹೊರಗೆ. ಪೆಟ್ಟು ತಿಂದ ಹುಡುಗನ ಅಪ್ಪನಿಗೂ ಪೆಟ್ಟು ಕೊಟ್ಟ ಹುಡುಗನ ಅಪ್ಪನಿಗೂ ನಡುವೆ ಒಂದು ಮೊತ್ತ ಕುದುರುತ್ತದೆ, ದೂರು ವಾಪಸಾಗುತ್ತದೆ. ನೊಂದ ಮಗು ಮರುದಿನವೂ ಆ ಗಲ್ಲಿಯಲ್ಲಿ ಓಡಾಡಲು ಹೆದರುತ್ತಲೇ ಇರುತ್ತದೆ, ಅದನ್ನು ಯಾರೂ ಕೇಳಿರುವುದಿಲ್ಲ.

ಪುನಃಸ್ಥಾಪನಾ ನ್ಯಾಯದಲ್ಲಿ ಮೊದಲ ಪ್ರಶ್ನೆ ಆ ಹೆದರಿಕೆಯದು. ಯಾರಿಗೆ ಏನಾಯಿತು, ಅವರಿಗೆ ಈಗ ಏನು ಬೇಕು, ಅದನ್ನು ಕೊಡುವ ಹೊಣೆ ಯಾರದು ಎಂಬ ಕ್ರಮದಲ್ಲಿ ಕೆಲಸ ನಡೆಯುತ್ತದೆ. ನೋಯಿಸಿದ ಮಗು ತನ್ನ ಕೈಯಿಂದ ಏನಾಯಿತು ಎನ್ನುವುದನ್ನು ನೊಂದವರ ಬಾಯಿಂದಲೇ ಕೇಳಬೇಕು, ಸರಿಪಡಿಸುವ ಕೆಲಸ ತಾನೇ ಮಾಡಬೇಕು. ಮಂಡಳಿಯ ಮುಂದಿನ ವಿಚಾರಣೆ ಇದರಿಂದ ತಾನಾಗಿ ನಿಲ್ಲುವುದಿಲ್ಲ. ಈ ವ್ಯತ್ಯಾಸವನ್ನು ಎರಡೂ ಮನೆಯವರಿಗೆ ಮೊದಲ ಭೇಟಿಯಲ್ಲೇ ಬಿಡಿಸಿ ಹೇಳದಿದ್ದರೆ ಆಮೇಲೆ ‘ಕೇಸು ಮುಚ್ಚಿಸುತ್ತೀರಿ ಅಂತ ಬಂದೆವು’ ಎಂಬ ಜಗಳ ಖಂಡಿತ.

ನಮ್ಮ ಕಾನೂನಿನಲ್ಲಿ ಇದಕ್ಕೆ ಜಾಗ ಇದೆಯೇ?

ಇದಕ್ಕೆಂದೇ ಪ್ರತ್ಯೇಕ ಅಧ್ಯಾಯವಿಲ್ಲ, ಆದರೆ ಜಾಗ ಇದೆ. 2016ರ ಜನವರಿ 15ರಿಂದ ಜಾರಿಗೆ ಬಂದ 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮು ನ್ಯಾಯಾಂಗ ಪ್ರಕ್ರಿಯೆಯ ಹೊರಗೆ ಮಾರ್ಗ ಹುಡುಕುವುದು, ಮಗುವಿನ ಮಾತಿಗೆ ಬೆಲೆ ಕೊಡುವುದು, ಗೋಪ್ಯತೆ, ಹೊಸದಾಗಿ ಶುರುಮಾಡುವ ಅವಕಾಶ ಇವನ್ನೆಲ್ಲ ಮೂಲತತ್ವಗಳೆಂದು ಹೇಳುತ್ತದೆ. 18ನೇ ಕಲಮಿನಡಿ ಮಂಡಳಿ ಬುದ್ಧಿಮಾತು ಹೇಳಿ ಮನೆಗೆ ಕಳಿಸಬಹುದು, ಗುಂಪು ಸಮಾಲೋಚನೆಗೆ ಹಚ್ಚಬಹುದು, ಸಮುದಾಯ ಸೇವೆ ಮಾಡಿಸಬಹುದು, 3 ವರ್ಷದವರೆಗೆ ಪ್ರೊಬೇಷನ್ ಮೇಲೆ, ಅಂದರೆ ನಡತೆಯ ಮೇಲೆ ಕಣ್ಣಿಟ್ಟು, ಬಿಡಬಹುದು. ಪುನಃಸ್ಥಾಪನೆಯ ಒಪ್ಪಂದ ಕೂರುವುದು ಈ ಆದೇಶಗಳ ಒಳಗೆ. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 40ನೇ ವಿಧಿಯೂ ಇದೇ ದಿಕ್ಕಿನದು.

ಬೇರೆ ಕಡೆ ಇದು ಇನ್ನೂ ಮುಂದೆ ಹೋಗಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾದಲ್ಲಿ 1974ರಲ್ಲಿ ಕುಡಿದು ಊರೆಲ್ಲ ಹಾಳುಗೆಡವಿದ ಇಬ್ಬರು ಯುವಕರನ್ನು ಪ್ರೊಬೇಷನ್ ಅಧಿಕಾರಿ ನೊಂದವರ ಮನೆಮನೆಗೆ ಕರೆದೊಯ್ದದ್ದು ಆಧುನಿಕ ರೂಪದ ಆರಂಭವೆಂದು ಎಣಿಸಲಾಗುತ್ತದೆ. ನ್ಯೂಜಿಲೆಂಡ್ 1989ರ ಕಾಯ್ದೆಯಲ್ಲೇ ಕುಟುಂಬ ಸಭೆಯನ್ನು ಬಾಲನ್ಯಾಯದ ನಡುಮನೆಗೆ ತಂದಿತು. ಅಲ್ಲಿನ ಪದ್ಧತಿಯನ್ನು ಇಲ್ಲಿಗೆ ಇದ್ದಹಾಗೆ ಎತ್ತಿ ತರಲಾಗದು. ಅಲ್ಲಿ ಸಭೆಗೇ ಕಾನೂನಿನ ಬಲವಿದೆ, ಇಲ್ಲಿ ಮಂಡಳಿಯ ಆದೇಶದ ಆಸರೆ ಬೇಕು.

ಯಾವ ಪ್ರಕರಣ ಎತ್ತಿಕೊಳ್ಳಬಹುದು?

ಕಳವು, ಮೊಬೈಲ್ ಕಸಿದದ್ದು, ಬೈಕು ಎತ್ತಿಕೊಂಡು ಹೋದದ್ದು, ಶಾಲೆಯ ಹೊಡೆದಾಟ, ಆಸ್ತಿ ಹಾಳುಮಾಡಿದ್ದು ಸಾಮಾನ್ಯವಾಗಿ ಸರಿಹೊಂದುತ್ತವೆ. ಕಾಯ್ದೆ ಅಪರಾಧಗಳನ್ನು ಸಣ್ಣ, ಗಂಭೀರ, ಘೋರ ಎಂದು ವಿಂಗಡಿಸುತ್ತದೆ. ಗರಿಷ್ಠ 3 ವರ್ಷದವರೆಗಿನ ಶಿಕ್ಷೆ ಇರುವುದು ಸಣ್ಣದು, ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವುದು ಘೋರ. ಆದರೆ ಈ ವಿಂಗಡಣೆಯೊಂದನ್ನೇ ನಂಬಿಕೊಂಡರೆ ತಪ್ಪಾಗುತ್ತದೆ. ಕಾಗದದಲ್ಲಿ ‘ಸಣ್ಣ’ ಎಂದಿರುವ ಹೊಡೆದಾಟದ ಹಿಂದೆ ಎರಡು ವರ್ಷದ ಕಾಟ ಇರಬಹುದು.

ಮೂರು ವಿಷಯ ನೋಡಿ. ನೋಯಿಸಿದ ಮಗು ನಡೆದದ್ದರ ಮುಖ್ಯ ಭಾಗವನ್ನಾದರೂ ಒಪ್ಪುತ್ತದೆಯೇ? ಎರಡೂ ಕಡೆ ಒತ್ತಾಯವಿಲ್ಲದೆ ಬರುತ್ತಿದ್ದಾರೆಯೇ? ಬಲದ ಅಂತರ ನಮ್ಮಿಂದ ತೂಗಿಸಲಾಗುವಷ್ಟಿದೆಯೇ? ಕೊನೆಯದರಲ್ಲಿ ಜಾತಿ ದೊಡ್ಡದು. ದಲಿತ ಕುಟುಂಬದ ಮಗುವನ್ನು ಪ್ರಬಲ ಜಾತಿಯ ಹುಡುಗರು ಹೊಡೆದಿದ್ದರೆ, ಆ ಕುಟುಂಬ ದುಡಿಯುವುದು ಅದೇ ಜನರ ತೋಟದಲ್ಲಾದರೆ, ಅವರ ‘ಆಯ್ತು ಸ್ವಾಮಿ, ಮಾತಾಡೋಣ’ ಎಂಬುದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಬರುವ ಪ್ರಕರಣ ಅದರ ದಾರಿಯಲ್ಲೇ ಸಾಗಲಿ.

ಲೈಂಗಿಕ ಅಪರಾಧಗಳಲ್ಲಿ?

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಡಿಯ ಪ್ರಕರಣವನ್ನು ಭೇಟಿ ಮಾಡಿಸಿ ಮುಗಿಸುವ ಮಾತೇ ಇಲ್ಲ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 19ನೇ ಕಲಮು ಹೇಳುತ್ತದೆ, ತಿಳಿಸದಿದ್ದರೆ ಅದೂ ಅಪರಾಧ. ಬೇರೊಂದು ಪ್ರಕರಣದ ತಯಾರಿ ಮಾತುಕತೆಯಲ್ಲಿ ಮಗು ಇಂಥದ್ದನ್ನು ಬಾಯಿಬಿಟ್ಟರೂ ಈ ಹೊಣೆ ತಪ್ಪದು. ಆದ್ದರಿಂದಲೇ ‘ನೀನು ಹೇಳಿದ್ದು ಯಾರಿಗೂ ಹೇಳಲ್ಲ’ ಎಂದು ಯಾವ ಮಗುವಿಗೂ ಮಾತು ಕೊಡಬೇಡಿ. ‘ನಿನಗೋ ಇನ್ನೊಬ್ಬರಿಗೋ ಅಪಾಯ ಇದೆ ಅಂತ ಗೊತ್ತಾದರೆ ನಾನು ಹೇಳಲೇಬೇಕಾಗುತ್ತೆ, ಹೇಳುವ ಮುಂಚೆ ನಿನಗೆ ತಿಳಿಸ್ತೀನಿ’ ಎಂದು ಮೊದಲೇ ಹೇಳಿ.

ಆದರೂ ಮಾಡಬಹುದಾದ ಕೆಲಸ ಇದೆ. ನೊಂದ ಮಗುವಿನ ಸುತ್ತ ಅವಳು ನಂಬುವ ನಾಲ್ಕೈದು ಜನರನ್ನು ಕೂರಿಸಿ, ಶಾಲೆಗೆ ಯಾರು ಕರೆದೊಯ್ಯಬೇಕು, ನೆರೆಯವರ ಬಾಯಿಗೆ ಯಾರು ಉತ್ತರ ಕೊಡಬೇಕು ಎಂದು ಹಂಚಿಕೊಳ್ಳುವ ಬೆಂಬಲದ ವೃತ್ತ. ಅಲ್ಲಿ ನೋಯಿಸಿದವರಿಗೆ ಜಾಗವಿಲ್ಲ. 2020ರ ಪೋಕ್ಸೊ ನಿಯಮಗಳಂತೆ ಮಕ್ಕಳ ಕಲ್ಯಾಣ ಸಮಿತಿ ನೇಮಿಸುವ ಸಹಾಯಕ ವ್ಯಕ್ತಿ ಈ ವೃತ್ತದಲ್ಲಿದ್ದರೆ ಬಹಳ ಅನುಕೂಲ.

ನೊಂದ ಮಗುವಿನ ಮನೆಗೆ ಮೊದಲ ಸಲ ಹೋದಾಗ ಏನು ಹೇಳಬೇಕು?

ಮೊದಲು ಫೋನ್ ಮಾಡಿ ಸಮಯ ಕೇಳಿ. ಇಲಾಖೆಯ ಜೀಪಿನಲ್ಲಿ ಹೋಗಬೇಡಿ, ಬೀದಿಯವರೆಲ್ಲ ಬಾಗಿಲಿಗೆ ಬರುತ್ತಾರೆ. ಹೋದ ಮೇಲೆ ನೋಯಿಸಿದ ಹುಡುಗನ ಸುದ್ದಿ ಎತ್ತಬೇಡಿ. ‘ಆ ಹುಡುಗನೂ ಪಾಪ, ಬಡವರ ಮನೆಯವನು, ಅವನ ಭವಿಷ್ಯ ನಿಮ್ಮ ಕೈಯಲ್ಲಿದೆ’ ಎಂದು ಶುರುಮಾಡಿದ ಭೇಟಿ ಅಲ್ಲಿಗೇ ಕೆಟ್ಟಂತೆ. ನೊಂದ ಮಗು ಇನ್ನೊಬ್ಬನನ್ನು ತಿದ್ದುವ ಸಾಧನವಲ್ಲ. ಈ ಪುಟದಲ್ಲಿ ನಾವು ಹೇಳಬೇಕೆಂದಿರುವುದರಲ್ಲಿ ಇದೇ ಮುಖ್ಯ.

ನಿದ್ದೆ ಹೇಗಿದೆ, ಊಟ ಹೇಗಿದೆ, ಶಾಲೆಗೆ ಹೋಗುತ್ತಿದ್ದಾಳೆಯೇ, ಯಾವ ದಾರಿ ಬಿಟ್ಟಿದ್ದಾಳೆ ಎಂದು ಕೇಳಿ. ಹಾಸಿಗೆ ಒದ್ದೆಯಾಗುವುದು, ರಾತ್ರಿ ಬೆಚ್ಚಿಬೀಳುವುದು, ಹೊಟ್ಟೆನೋವೆಂದು ಶಾಲೆ ತಪ್ಪಿಸುವುದು ಕಂಡರೆ ಭೇಟಿಯ ಮಾತು ಪಕ್ಕಕ್ಕಿಟ್ಟು ಮೊದಲು ಆಪ್ತಸಮಾಲೋಚನೆಗೆ ದಾರಿ ಮಾಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿಗೆ 15100. ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟು ಬನ್ನಿ. ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಆ ಪರಿಹಾರಕ್ಕೂ ಈ ಭೇಟಿಗೂ ಸಂಬಂಧವಿಲ್ಲ, ಭೇಟಿ ಬೇಡವೆಂದರೂ ಅದು ಸಿಗಬೇಕಾದದ್ದೇ ಎಂದು ಸ್ಪಷ್ಟವಾಗಿ ಹೇಳಿ.

ತಯಾರಿಗೆ ಎಷ್ಟು ಸಮಯ ಬೇಕು?

ಪ್ರತಿ ಕಡೆಗೂ ಕನಿಷ್ಠ ಎರಡು, ಹೆಚ್ಚಾಗಿ ಮೂರು ಮಾತುಕತೆ, ಒಂದೊಂದೂ ಸುಮಾರು ಒಂದು ಗಂಟೆ. ಅದರಲ್ಲಿ ಒಂದಾದರೂ ತಂದೆತಾಯಿ ಪಕ್ಕದಲ್ಲಿಲ್ಲದೆ ಮಗುವಿನ ಜೊತೆ, ಆದರೆ ಕಣ್ಣಿಗೆ ಕಾಣುವ ಜಾಗದಲ್ಲಿ. ಒಟ್ಟು ಆರರಿಂದ ಎಂಟು ವಾರ ಹಿಡಿಯುತ್ತದೆ. ಮಂಡಳಿಯ ವಿಚಾರಣೆ ಮಗು ಮೊದಲು ಹಾಜರಾದ ದಿನದಿಂದ 4 ತಿಂಗಳೊಳಗೆ ಮುಗಿಯಬೇಕು, ಕಾರಣ ಬರೆದು ಹೆಚ್ಚೆಂದರೆ ಇನ್ನು 2 ತಿಂಗಳು ವಿಸ್ತರಿಸಬಹುದು. ಹಾಗಾಗಿ ಪ್ರಕರಣ ನಿಮ್ಮ ಕೈಗೆ ಬಂದ ವಾರವೇ ಕ್ಯಾಲೆಂಡರ್ ಹಾಕಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಊರ ಜಾತ್ರೆ, ದಿನಗೂಲಿಯವರ ಸುಗ್ಗಿ ಕಾಲ ಎಲ್ಲ ಅದರಲ್ಲಿರಲಿ.

ಎರಡೂ ಕಡೆ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ಏನಾಯ್ತು? ಆಗ ಮನಸ್ಸಲ್ಲಿ ಏನಿತ್ತು? ಆಮೇಲೆ ಏನನ್ನಿಸ್ತು? ಯಾರಿಗೆಲ್ಲ ತಟ್ಟಿತು? ಸರಿಹೋಗಬೇಕಾದರೆ ಏನಾಗಬೇಕು? ‘ಯಾಕೆ ಮಾಡಿದೆ?’ ಎಂದು ಮಾತ್ರ ಕೇಳಬೇಡಿ. ಪೊಲೀಸರು, ಮೇಷ್ಟ್ರು, ಅಪ್ಪ ಎಲ್ಲರೂ ಅದನ್ನೇ ಕೇಳಿರುತ್ತಾರೆ, ಹುಡುಗ ತಲೆ ತಗ್ಗಿಸಿ ‘ಗೊತ್ತಿಲ್ಲ ಸಾರ್’ ಅನ್ನುತ್ತಾನೆ. ‘ಮೊಬೈಲ್ ಕಿತ್ಕೊಂಡಾಗ ಆ ಅಣ್ಣನ ಮುಖ ನೋಡಿದ್ಯಾ?’ ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಉತ್ತರ ಕೊಡುತ್ತಾನೆ. ಆ ಸುಮ್ಮನಿರುವ ಹೊತ್ತನ್ನು ನಿಮ್ಮ ಮಾತಿನಿಂದ ತುಂಬಬೇಡಿ.

ತಯಾರಿ ಕಡಿಮೆಯಾದರೆ ಏನಾಗುತ್ತದೆ ಎಂಬುದು ಭೇಟಿಯ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಹುಡುಗ ನಗುತ್ತಾನೆ, ಅದು ಭಯದ ನಗು, ಆದರೆ ಎದುರಿನವರಿಗೆ ಕೊಬ್ಬಿನಂತೆ ಕಾಣುತ್ತದೆ. ಇದನ್ನು ತಯಾರಿಯಲ್ಲೇ ಗಮನಿಸಿ, ನೊಂದವರಿಗೂ ಮೊದಲೇ ತಿಳಿಸಬೇಕು.

ನೋಯಿಸಿದ ಹುಡುಗ ಭೇಟಿಯಲ್ಲಿ ಒಪ್ಪಿಕೊಂಡದ್ದನ್ನು ಮಂಡಳಿಯಲ್ಲಿ ಅವನ ಮೇಲೇ ಬಳಸಿದರೆ?

ಸರಿಯಾದ ಆತಂಕ. ಪುನಃಸ್ಥಾಪನಾ ಸಭೆಯ ಮಾತಿಗೆ ನಮ್ಮಲ್ಲಿ ಪ್ರತ್ಯೇಕ ಕಾನೂನು ರಕ್ಷಣೆ ಇಲ್ಲ. ಆದ್ದರಿಂದ ಮಗುವಿನ ವಕೀಲರ ಜೊತೆ ಮಾತಾಡದೆ ಒಂದು ಹೆಜ್ಜೆಯೂ ಬೇಡ. ಹೆಚ್ಚು ಸುರಕ್ಷಿತವಾದದ್ದು ಮಂಡಳಿ ತನ್ನ ತೀರ್ಮಾನ ಕೊಟ್ಟ ಮೇಲೆ, 18ನೇ ಕಲಮಿನ ಆದೇಶದ ಭಾಗವಾಗಿ ಭೇಟಿ ನಡೆಸುವುದು. ಅದಕ್ಕೂ ಮೊದಲೇ ನಡೆಸಬೇಕಾದರೆ, ಅಲ್ಲಿ ಆಡಿದ ಮಾತನ್ನು ವಿಚಾರಣೆಯಲ್ಲಿ ಪರಿಗಣಿಸುವುದಿಲ್ಲ ಎಂಬುದನ್ನು ಮಂಡಳಿಯಿಂದ ಬರಹದಲ್ಲಿ ಪಡೆದುಕೊಳ್ಳಿ. ನಿಮ್ಮ ವರದಿಯಲ್ಲಿ ಯಾರು ಬಂದರು, ಒಪ್ಪಂದವಾಯಿತೇ, ಅದರ ಅಂಶಗಳೇನು ಎಂಬಷ್ಟೇ ಇರಲಿ, ಯಾರು ಏನೆಂದರು ಎಂಬುದು ಬೇಡ. ಮಗುವಿನ ಮನೆ, ಹಿನ್ನೆಲೆ ಕುರಿತ ಸಾಮಾಜಿಕ ತನಿಖಾ ವರದಿಯನ್ನು ಮಂಡಳಿಗೆ ಬರೆಯುವ ಪ್ರೊಬೇಷನ್ ಅಧಿಕಾರಿಯೇ ಸಭೆ ನಡೆಸಬಾರದೆನ್ನುವುದೂ ಇದಕ್ಕೇ.

ಭೇಟಿಯ ದಿನ ಏನೇನು ಸಿದ್ಧವಿರಬೇಕು?

ಪೊಲೀಸ್ ಠಾಣೆ, ಮಂಡಳಿಯ ಕೊಠಡಿ, ಎರಡೂ ಕಡೆಯವರ ಮನೆ, ಯಾರದೋ ಸಮುದಾಯದ ದೇವಸ್ಥಾನ ಇವು ಬೇಡ. ರಜಾದಿನದ ಶಾಲಾ ಕೊಠಡಿ, ಗ್ರಂಥಾಲಯದ ಕೋಣೆ ಚೆನ್ನಾಗಿ ಹೊಂದುತ್ತವೆ. ಎರಡು ಬಾಗಿಲಿದ್ದರೆ ಉತ್ತಮ. ನೊಂದ ಮಗುವಿನ ಕಡೆಯವರು ಅರ್ಧ ಗಂಟೆ ಮೊದಲು ಬಂದು ಕೋಣೆ ನೋಡಲಿ, ಕುರ್ಚಿಯನ್ನು ಮೊದಲು ಅವರೇ ಆರಿಸಿಕೊಳ್ಳಲಿ, ಅದು ಬಾಗಿಲಿಗೆ ಹತ್ತಿರವಿರಲಿ. ಕಾಯಲು ಎರಡು ಬೇರೆ ಜಾಗ, ಹತ್ತಿರದಲ್ಲಿ ಶೌಚಾಲಯ, ಕುಡಿಯುವ ನೀರು. ಎಲ್ಲ ಕುರ್ಚಿಯೂ ಒಂದೇ ಎತ್ತರದ್ದು. ಸಾಹೇಬರಿಗೆ ಕುಶನ್ ಕುರ್ಚಿ, ಮಕ್ಕಳಿಗೆ ಬೆಂಚು ಎಂದಾದರೆ ವೃತ್ತ ಹೆಸರಿಗಷ್ಟೇ ಉಳಿಯುತ್ತದೆ.

ಜನ ಎಂಟು-ಹತ್ತಕ್ಕಿಂತ ಹೆಚ್ಚು ಬೇಡ: ಇಬ್ಬರು ಮಕ್ಕಳು, ಪ್ರತಿಯೊಬ್ಬರಿಗೂ ಒಬ್ಬಿಬ್ಬರು ಮನೆಯವರು, ಮಗುವೇ ಆರಿಸಿದ ಒಬ್ಬ ಚಿಕ್ಕಮ್ಮನೋ ಟೀಚರೋ, ನಡೆಸುವವರು ಇಬ್ಬರು. ನಡೆಸುವವರಲ್ಲಿ ಒಬ್ಬರು ಮಾತು ನೋಡಿಕೊಂಡರೆ ಇನ್ನೊಬ್ಬರು ಮುಖಗಳನ್ನು ನೋಡಿಕೊಳ್ಳುತ್ತಾರೆ. ಒಂದೂವರೆಯಿಂದ ಎರಡು ಗಂಟೆ ಸಾಕು, 12ಕ್ಕಿಂತ ಚಿಕ್ಕವರಿದ್ದರೆ ಮುಕ್ಕಾಲು ಗಂಟೆಗೊಮ್ಮೆ ಬಿಡುವು ಬೇಕು. ಫೋನುಗಳೆಲ್ಲ ಒಂದು ಚೀಲಕ್ಕೆ. ಫೋಟೊ, ರೆಕಾರ್ಡಿಂಗ್ ಇಲ್ಲ. ‘ಸಾಕು’ ಎನ್ನಲು ನೊಂದ ಮಗುವಿಗೆ ಒಂದು ಗುರುತು ಮೊದಲೇ ಗೊತ್ತಿರಲಿ, ನೀರಿನ ಲೋಟ ಕೆಳಗಿಟ್ಟರೆ ನಿಲ್ಲಿಸಬೇಕು ಎಂಬಂಥದ್ದು.

ಮಾತು ಮುಗಿದು ಕಾಗದ ಬರೆಯುವಾಗ ಹತ್ತು ನಿಮಿಷ ಟೀ ಬಿಸ್ಕತ್ತಿನ ಬಿಡುವು ಕೊಡಿ. ನಡೆಸುವವರ ಮುಂದೆ ಬಾರದ ಮಾತು ಆಗ ಬರುವುದುಂಟು. ಆದರೆ ಮಕ್ಕಳಿಬ್ಬರನ್ನೇ ಬಿಟ್ಟು ಹೋಗಬೇಡಿ.

ಅಪ್ಪ ‘ಕಾಲಿಗೆ ಬೀಳೋ’ ಎಂದು ಎಳೆದರೆ?

ಇದು ನಮ್ಮ ಕಡೆಯ ಭೇಟಿಗಳಲ್ಲಿ ಆಗಿಯೇ ಆಗುವ ಸಂಗತಿ, ಅದಕ್ಕೆ ಸಿದ್ಧರಾಗಿರಬೇಕು. ಬಲವಂತಕ್ಕೆ ಕಾಲು ಹಿಡಿದ ಹುಡುಗ ಆ ಕ್ಷಣದಲ್ಲಿ ಯೋಚಿಸುವುದು ತನ್ನ ಅವಮಾನವನ್ನು, ಎದುರಿನವರ ನೋವನ್ನಲ್ಲ. ಇನ್ನೊಂದು ಕಡೆ, ಕಾಲಿಗೆ ಬಿದ್ದವನನ್ನು ‘ಇರಲಿ ಏಳಪ್ಪ’ ಎಂದು ಎಬ್ಬಿಸದೆ ಬೇರೆ ದಾರಿಯೇ ನೊಂದವರಿಗಿರುವುದಿಲ್ಲ. ಅವಳ ಬಾಯಿಂದ ಕ್ಷಮೆಯನ್ನು ಕಿತ್ತುಕೊಂಡಂತಾಯಿತು. ತಂದೆತಾಯಿಗೆ ತಯಾರಿಯಲ್ಲೇ ಹೇಳಿ: ‘ಅಲ್ಲಿ ಅವನಿಗೆ ಹೊಡೆಯೋದು, ಬೈಯೋದು, ಕಾಲಿಗೆ ಬೀಳಿಸೋದು ಯಾವುದೂ ಬೇಡ ಅಣ್ಣ. ಅವನೇ ಮಾತಾಡಲಿ.’ ಆದರೂ ಆದರೆ ನಡೆಸುವವರು ಎದ್ದು ನಿಂತು ಬಿಡುವು ಘೋಷಿಸಬೇಕು.

ಕ್ಷಮಿಸುವಂತೆ ಯಾರೂ ಕೇಳಬಾರದು, ನಡೆಸುವವರಂತೂ ಕೇಳಲೇಬಾರದು. ಕ್ಷಮಿಸದೆ ಮುಗಿದ ಭೇಟಿಯೂ ಪೂರ್ತಿ ಭೇಟಿಯೇ.

ಒಪ್ಪಂದದಲ್ಲಿ ಏನಿರಬೇಕು?

ಮೂರರಿಂದ ಐದು ಅಂಶ, ಸರಳ ಕನ್ನಡದಲ್ಲಿ, ಪ್ರತಿಯೊಂದಕ್ಕೂ ದಿನಾಂಕ ಮತ್ತು ನೋಡಿಕೊಳ್ಳುವವರ ಹೆಸರು. ‘ಇನ್ನು ಮುಂದೆ ಒಳ್ಳೆಯವನಾಗಿ ನಡೆದುಕೊಳ್ಳುತ್ತೇನೆ’ ಎಂಬುದನ್ನು ಅಳೆಯಲಾಗದು, ಬರೆಯಬೇಡಿ. ‘ಪ್ರತಿ ಶನಿವಾರ 2 ಗಂಟೆ, 8 ವಾರ, ತಾನು ಗೋಡೆ ಹಾಳುಮಾಡಿದ ಅಂಗನವಾಡಿಗೆ ಸುಣ್ಣ ಬಳಿದು ಗಿಡಗಳಿಗೆ ನೀರು ಹಾಕುವುದು’ ಎಂಬುದನ್ನು ನೋಡಬಹುದು. 2016ರ ಮಾದರಿ ನಿಯಮಗಳಂತೆ ಸಮುದಾಯ ಸೇವೆ 14 ವರ್ಷ ಮೀರಿದ ಮಕ್ಕಳಿಗೆ ಮಾತ್ರ. ಪಾರ್ಕು ನೋಡಿಕೊಳ್ಳುವುದು, ವೃದ್ಧರ ಸೇವೆ, ಆಸ್ಪತ್ರೆಯಲ್ಲಿ ನೆರವು ಇಂಥವು ಅದರಲ್ಲಿವೆ. ಕೊರಳಿಗೆ ಬೋರ್ಡು ಹಾಕಿಸುವುದು, ಅಸೆಂಬ್ಲಿಯಲ್ಲಿ ನಿಲ್ಲಿಸಿ ಕ್ಷಮೆ ಕೇಳಿಸುವುದು ಯಾರೇ ಸೂಚಿಸಿದರೂ ತಳ್ಳಿಹಾಕಿ.

ಬರೆದದ್ದನ್ನು ಹುಡುಗ ಜೋರಾಗಿ ಓದಲಿ. ಓದು ಬಾರದಿದ್ದರೆ ಕೇಳಿಸಿಕೊಂಡು ತನ್ನ ಮಾತಿನಲ್ಲಿ ಹೇಳಲಿ. ಎಷ್ಟೋ ಒಪ್ಪಂದ ಮುರಿಯುವುದು ಹುಡುಗನಿಗೆ ಅದರಲ್ಲಿ ಏನಿದೆ ಎಂದೇ ತಿಳಿಯದ್ದರಿಂದ.

ನಷ್ಟದ ಹಣ ಯಾರು ಕೊಡಬೇಕು?

ಅಮ್ಮ ಓಲೆ ಅಡವಿಟ್ಟು 12,000 ತಂದುಕೊಟ್ಟರೆ ನೊಂದವರ ನಷ್ಟ ತುಂಬಬಹುದು, ಹುಡುಗ ಹೊತ್ತ ಹೊಣೆ ಏನೂ ಇರುವುದಿಲ್ಲ, ಮನೆಯಲ್ಲಿ ಅವನ ಮೇಲೆ ಕೋಪ ಇನ್ನಷ್ಟು. ಹಾಗಂತ ಹಣ ಸಂಪಾದಿಸಿ ತಾ ಎಂದು ಗ್ಯಾರೇಜಿಗೋ ಹೋಟೆಲಿಗೋ ಕಳಿಸುವಂತಿಲ್ಲ. 14 ತುಂಬದವರನ್ನು ದುಡಿಸುವುದು ನಿಷಿದ್ಧ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಮೊತ್ತವನ್ನು ಮನೆಯ ಶಕ್ತಿಗೆ ತಕ್ಕಂತೆ ಕಂತು ಮಾಡಿ, ಮಗುವಿನ ಪಾಲನ್ನು ಕೆಲಸದ ರೂಪಕ್ಕೆ ತನ್ನಿ. ಹಣ ಸಭೆ ನಡೆಸುವವರ ಕೈಗೆ ಬರಲೇಬಾರದು. ನೇರವಾಗಿ, ರಸೀದಿಯೊಂದಿಗೆ.

ಇಬ್ಬರೂ ಒಂದೇ ಶಾಲೆಯಲ್ಲಿದ್ದರೆ?

ಭೇಟಿಯ ದಿನಕ್ಕಿಂತ ಮರುದಿನ ಬೆಳಗ್ಗೆ ಮುಖ್ಯವಾಗುತ್ತದೆ. ಯಾರು 7.40ರ ಬಸ್ಸಿಗೆ, ಯಾರು 8.10ರ ಬಸ್ಸಿಗೆ, ಊಟದ ಸಾಲಿನಲ್ಲಿ ಯಾರು ಎಲ್ಲಿ, ನೀರಿನ ನಲ್ಲಿಯ ಬಳಿ ಎದುರಾದರೆ ಮಾತಾಡಬೇಕೇ ಬೇಡವೇ ಎಂದು ಮಕ್ಕಳನ್ನೇ ಕೇಳಿ ಬರೆದುಕೊಳ್ಳಿ. ಬದಲಾವಣೆಯ ಭಾರ ನೊಂದ ಮಗುವಿನ ಮೇಲೆ ಬೀಳದಂತೆ ನೋಡಿ. ಸೆಕ್ಷನ್ ಬದಲಿಸಿಕೊಂಡು ಗೆಳತಿಯರನ್ನು ಬಿಟ್ಟುಹೋಗಬೇಕಾದವಳು ಅವಳಲ್ಲ. ಶಾಲೆಯಲ್ಲಿ ಒಬ್ಬ ಟೀಚರಿಗೆ ಮಾತ್ರ ವಿಷಯ ಗೊತ್ತಿರಲಿ, ಸ್ಟಾಫ್ ರೂಮಿಗಲ್ಲ.

ನೊಂದ ಮಗು ಮುಖ ನೋಡುವುದೇ ಬೇಡ ಎಂದರೆ?

ಬೇಡ ಎಂದರೆ ಬೇಡ. ಇನ್ನೂ ದಾರಿಗಳಿವೆ. ನಡೆಸುವವರು ಪ್ರಶ್ನೆಗಳನ್ನು ಅತ್ತಿತ್ತ ಒಯ್ಯಬಹುದು. ‘ನನ್ನನ್ನೇ ಯಾಕೆ ಹಿಡಿದ? ನನ್ನ ಮನೆ ಗೊತ್ತಾ ಅವನಿಗೆ?’ ಈ ಎರಡಕ್ಕೆ ಉತ್ತರ ಸಿಕ್ಕರೆ ಸಾಕು ಎನ್ನುವ ಮಕ್ಕಳಿದ್ದಾರೆ. ಪತ್ರವೂ ಆಗುತ್ತದೆ. ಹುಡುಗ ಬರೆದ ಪತ್ರವನ್ನು ನೀವು ಓದಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ, ನೊಂದ ಮಗು ಕೇಳಿದಾಗ ಮಾತ್ರ ಕೊಡಿ. ‘ನಿಂಗೆ ಬೇಜಾರಾಗಿದ್ರೆ ಸಾರಿ’ ಎಂಬ ಸಾಲಿದ್ದರೆ ಪತ್ರ ಇನ್ನೂ ಸಿದ್ಧವಾಗಿಲ್ಲ. ಅವನು ವಾಟ್ಸಾಪಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ತಾನೇ ಕ್ಷಮೆ ಕೇಳಲು ಹೊರಡದಂತೆ ಸ್ಪಷ್ಟವಾಗಿ ತಡೆಯಿರಿ, ಒಳ್ಳೆಯ ಮನಸ್ಸಿನಿಂದ ಬಂದ ಮೆಸೇಜೂ ಅವಳಿಗೆ ಬೆದರಿಕೆಯಾಗಿ ತಲುಪಬಹುದು.

ಹೆಸರು ಹೊರಬಿದ್ದರೆ?

ಕಾಯ್ದೆಯ 74ನೇ ಕಲಮು ನೊಂದ, ನೋಯಿಸಿದ, ಸಾಕ್ಷಿಯಾದ ಯಾವ ಮಗುವಿನ ಗುರುತನ್ನೂ ಪ್ರಕಟಿಸಬಾರದೆನ್ನುತ್ತದೆ. ತಪ್ಪಿದರೆ 6 ತಿಂಗಳವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸಂಸ್ಥೆಯ ವಾರ್ಷಿಕ ವರದಿಗೆಂದು ಮುಖ ಮಸುಕು ಮಾಡಿದ ಫೋಟೊ, ‘ಯಶಸ್ಸಿನ ಕಥೆ’ಯಲ್ಲಿ ಊರು, ಶಾಲೆ, ವಯಸ್ಸು ಹಾಕುವುದೂ ಗುರುತು ಬಿಟ್ಟುಕೊಟ್ಟಂತೆಯೇ. ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕೆಂದು ಪೊಲೀಸರು ಹೊರಗೆಡಹುವಂತಿಲ್ಲ ಎಂಬುದನ್ನು ಹುಡುಗನ ಮನೆಯವರಿಗೆ ತಿಳಿಸಿ, ಅದೇ ಅವರ ದೊಡ್ಡ ಚಿಂತೆ.

ಒಪ್ಪಂದ ಮುರಿದರೆ?

ಎರಡನೇ ವಾರ, ಆರನೇ ವಾರ, ಮೂರನೇ ತಿಂಗಳು ಹೋಗಿ ನೋಡಿ. ಮೊದಲ ಸಲ ತಪ್ಪಿದರೆ ಕಾರಣ ಹುಡುಕಿ: ಬಸ್ ಚಾರ್ಜ್ ಇಲ್ಲ, ಅಜ್ಜಿ ಕಾಯಿಲೆ, ಅಂಗನವಾಡಿಯಲ್ಲಿ ಯಾರೋ ‘ಕಳ್ಳ’ ಎಂದರು. ಸರಿಪಡಿಸಿ ದಿನಾಂಕ ಮುಂದೆ ಹಾಕಬಹುದು. ಬೇಕೆಂದೇ ಬಿಟ್ಟಿದ್ದರೆ ಮಂಡಳಿಗೆ ತಿಳಿಸಲೇಬೇಕು. ಎರಡರಲ್ಲೂ ನೊಂದ ಕುಟುಂಬಕ್ಕೆ ಅದೇ ವಾರ ಹೇಳಿ. ಅವರಿಗೆ ಹೇಳದೆ ಬಿಡುವುದು ಈ ಕೆಲಸದಲ್ಲಿ ಹೆಚ್ಚು ನಡೆಯುವ ತಪ್ಪು, ಹೆಚ್ಚು ನೋಯಿಸುವ ತಪ್ಪು ಕೂಡ.

ಈ ಕೆಲಸಕ್ಕೆ ಬರಲು ಏನು ಬೇಕು?

ಸಮಾಜಕಾರ್ಯ, ಮನೋವಿಜ್ಞಾನ, ಕಾನೂನು ಯಾವ ಹಿನ್ನೆಲೆಯೂ ಆದೀತು. ಮಂಡಳಿಯ ಸಮಾಜಕಾರ್ಯಕರ್ತ ಸದಸ್ಯರಾಗಲು ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ 7 ವರ್ಷ ದುಡಿದಿರಬೇಕು, ಇಲ್ಲವೇ ಮಕ್ಕಳ ಮನೋವಿಜ್ಞಾನ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನು ಪದವಿ ಪಡೆದು ಆ ವೃತ್ತಿಯಲ್ಲಿರಬೇಕು. ಸಭೆ ನಡೆಸುವುದಕ್ಕೆ ಅಂಥ ಕಾನೂನು ಅರ್ಹತೆ ಗೊತ್ತುಮಾಡಿಲ್ಲ, ಅದಕ್ಕೇ ನಾವೇ ಕಟ್ಟುನಿಟ್ಟಾಗಿರಬೇಕು. ಮೊದಲು ಬರೀ ತಯಾರಿ ಮಾತುಕತೆಗಳಲ್ಲಿ ಅನುಭವಿಗಳ ಪಕ್ಕ ಕೂತು ಟಿಪ್ಪಣಿ ಮಾಡಿ. ಆಮೇಲೆ ಶಾಲೆಯ ಸಣ್ಣ ಜಗಳಗಳ ವೃತ್ತ ನಡೆಸಿ. ಮಂಡಳಿಯ ಪ್ರಕರಣದಲ್ಲಿ ಎರಡನೆಯವರಾಗಿ ಕೂರುವುದು ಅದರ ನಂತರ. ಪ್ರತಿ ಭೇಟಿಯಾದ ಮೇಲೆ ಎರಡು ದಿನದೊಳಗೆ ಹಿರಿಯರೊಬ್ಬರ ಜೊತೆ ಕೂತು ಮಾತಾಡುವ ಏರ್ಪಾಡು ಇಲ್ಲದ ಸಂಸ್ಥೆಯಲ್ಲಿ ಈ ಕೆಲಸ ಒಪ್ಪಿಕೊಳ್ಳಬೇಡಿ.